ಚಳಿ ಮುಗಿಯುವ ಮೊದಲೇ ಬರುವ ಹಕ್ಕಿ

ಜನವರಿ ಕಳೆಯುತ್ತ ಬಂದಂತೆ ಅಮೆರಿಕದ ದಕ್ಷಿಣ ಅಂಚಿನಲ್ಲಿ, ಫ್ಲೋರಿಡಾದಿಂದ ಟೆಕ್ಸಸ್ ಕರಾವಳಿಯವರೆಗಿನ ಊರುಗಳಲ್ಲಿ, ಕೆಲವು ಮನೆಗಳ ಹಿತ್ತಿಲಲ್ಲಿ ಸಡಗರ ಶುರುವಾಗುತ್ತದೆ. ಹುಲ್ಲುಹಾಸಿನ ನಡುವೆ ಹದಿನಾಲ್ಕು ಹದಿನೈದು ಅಡಿ ಎತ್ತರದ ಲೋಹದ ಕಂಬ. ಅದರ ತುದಿಯಲ್ಲಿ ಹಲವು ಖಾನೆಗಳ ಬಿಳಿ ಪೆಟ್ಟಿಗೆ, ಇಲ್ಲವೇ ಅಡ್ಡಕಂಬಿಗೆ ತೂಗುಹಾಕಿದ ಹತ್ತಾರು ಬಿಳಿ ಬುರುಡೆಗಳು. ಮನೆಯವರು ಹಗ್ಗ-ರಾಟೆಯಿಂದ ಇದನ್ನೆಲ್ಲ ಕೆಳಗಿಳಿಸಿ, ಹೋದ ವರ್ಷದ ಕಸ ತೆಗೆದು, ಖಾನೆಗಳಿಗೆ ಒಣಗಿದ ಪೈನ್ ಎಲೆ ಹಾಸಿ, ಮತ್ತೆ ಮೇಲೇರಿಸುತ್ತಾರೆ. ಆಮೇಲೆ ದಿನಾ ಬೆಳಗ್ಗೆ ಕಾಫಿ ಹಿಡಿದು ಆಕಾಶ ನೋಡುವುದೇ ಕೆಲಸ. ಅವರು ಕಾಯುತ್ತಿರುವುದು ಸುಮಾರು ಐವತ್ತು ಗ್ರಾಂ ತೂಗುವ ಒಂದು ಹಕ್ಕಿಗಾಗಿ. ಹೆಸರು ಪರ್ಪಲ್ ಮಾರ್ಟಿನ್.

ಚಳಿಗಾಲದಲ್ಲಿ ನಮ್ಮ ಗದ್ದೆಬಯಲಿನ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳನ್ನು ನೀವು ನೋಡಿರುತ್ತೀರಿ. ಮಾರ್ಟಿನ್ ಅದೇ ಕುಟುಂಬದ್ದು, ಉತ್ತರ ಅಮೆರಿಕದ ಕವಲುತೋಕೆಗಳಲ್ಲೆಲ್ಲ ದೊಡ್ಡದು. ವಯಸ್ಕ ಗಂಡಿನ ಮೈಯೆಲ್ಲ ಕಡುನೀಲಿ. ಬಿಸಿಲು ಬಿದ್ದ ಕೋನಕ್ಕೆ ತಕ್ಕಂತೆ ಒಮ್ಮೆ ಉಕ್ಕಿನ ನೀಲಿ, ಒಮ್ಮೆ ನೇರಳೆ, ಮೋಡ ಕವಿದರೆ ಬರೀ ಕಪ್ಪು. ಗರಿಯಲ್ಲಿ ನೀಲಿ ವರ್ಣದ್ರವ್ಯವೇನೂ ಇಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಬಗೆಯಿಂದ ಈ ಬಣ್ಣ ಬರುತ್ತದೆ. ಹೆಣ್ಣಿಗೆ ಬೂದು ಎದೆ, ಮಾಸಲು ಹೊಟ್ಟೆ. ಮೊದಲ ವರ್ಷ ದಾಟಿದ ಎಳೆಯ ಗಂಡೂ ದೂರದಿಂದ ನೋಡಿದರೆ ಹೆಣ್ಣಿನಂತೆಯೇ ಕಾಣುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಹಕ್ಕಿ ಬರುವುದಕ್ಕೆ ಬಾಜಾಬಜಂತ್ರಿ ಏನಿಲ್ಲ. ಒಂದು ಬೆಳಗ್ಗೆ ಎತ್ತರದಲ್ಲಿ ಗಂಟಲು ಮುಕ್ಕಳಿಸುವ ಥರದ ಒಂದು ಸದ್ದು ಕೇಳುತ್ತದೆ. ಕಪ್ಪು ಹಕ್ಕಿಯೊಂದು ಅಗಲವಾಗಿ ಎರಡು ಸುತ್ತು ಹೊಡೆದು, ರೆಕ್ಕೆ ಮಡಿಸಿ, ಕಂಬದ ತುದಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ನೇರ ಒಂದು ಖಾನೆಯ ಬಾಗಿಲಿಗೆ ಬಂದು ಕತ್ತು ಒಳಗೆ ಹಾಕುತ್ತದೆ. ಕಾಲಿಗೆ ಹಾಕಿದ ಬಳೆಯ ಸಂಖ್ಯೆ ಓದಬಲ್ಲವರಿಗೆ ಗೊತ್ತು, ಇದು ಹಳೆಯ ಬಾಡಿಗೆದಾರನೇ. ಎಷ್ಟೋ ಬಾರಿ ಹೋದ ವರ್ಷದ ಅದೇ ಖಾನೆಯನ್ನೇ ಹುಡುಕಿಕೊಂಡು ಬಂದಿರುತ್ತದೆ. ಮನೆಯವರು ತಕ್ಷಣ ತಾರೀಖು ಬರೆದಿಡುತ್ತಾರೆ, ನೆರೆಹೊರೆಯವರಿಗೆ ಫೋನ್ ಮಾಡುತ್ತಾರೆ. ಪೆನ್ಸಿಲ್ವೇನಿಯಾದ ಈರಿಯಲ್ಲಿರುವ ಪರ್ಪಲ್ ಮಾರ್ಟಿನ್ ಸಂರಕ್ಷಣಾ ಸಂಘ 1987ರಲ್ಲಿ ಹುಟ್ಟಿದ್ದು. ದೇಶದ ಮೂಲೆಮೂಲೆಯ ಇಂಥ ತಾರೀಖುಗಳು ಅಲ್ಲಿ ಸೇರುತ್ತವೆ. ‘ನಮ್ಮನೆಗೆ ಮೊದಲು ಬಂತು’ ಎನ್ನುವ ಹೆಮ್ಮೆಯೇ ವಿಜ್ಞಾನಿಗಳಿಗೆ ಕಾಸು ಖರ್ಚಿಲ್ಲದ ದತ್ತಾಂಶ.

ಆ ತಾರೀಖುಗಳನ್ನು ನಕ್ಷೆಯ ಮೇಲಿಟ್ಟರೆ ಮೆಲ್ಲಗೆ ಉತ್ತರಕ್ಕೆ ಏರುವ ಅಲೆ ಕಾಣುತ್ತದೆ. ಜನವರಿಯಲ್ಲಿ ಫ್ಲೋರಿಡಾ, ಜನವರಿ ಕೊನೆ ಫೆಬ್ರವರಿಯಲ್ಲಿ ಟೆಕ್ಸಸ್ ಮತ್ತು ಲೂಸಿಯಾನಾ, ಮಾರ್ಚ್ ಹೊತ್ತಿಗೆ ಟೆನೆಸೀ ಕಡೆಯ ಮಧ್ಯದ ರಾಜ್ಯಗಳು, ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾ, ಕೊನೆಗೆ ಕೆನಡಾದ ಬಯಲುಸೀಮೆ. ಒಂದೇ ಜಾತಿಯ ಹಕ್ಕಿ ದಕ್ಷಿಣದಲ್ಲಿ ಮೊಟ್ಟೆಗೆ ಕೂತಿರುವಾಗ ಉತ್ತರದಲ್ಲಿ ಇನ್ನೂ ಬಂದೇ ಇರುವುದಿಲ್ಲ.

ಮೊದಲು ಬಂದ ಈ ಹಕ್ಕಿಗಳನ್ನು ಅಲ್ಲಿನ ಜನ ತಲೆತಲಾಂತರದಿಂದ ‘ಸ್ಕೌಟ್’ ಎನ್ನುತ್ತಾರೆ. ಗುಂಪಿನವರು ಕಳಿಸಿದ ಬೇಹುಗಾರ, ಜಾಗ ನೋಡಿ ವಾಪಸು ಹೋಗಿ ಉಳಿದವರನ್ನು ಕರೆತರುತ್ತಾನೆ ಎಂದು ನಂಬಿಕೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಹಾಗೇನೂ ನಡೆಯುವುದಿಲ್ಲ. ಯಾರೂ ಯಾರನ್ನೂ ಕಳಿಸುವುದಿಲ್ಲ, ಯಾರೂ ಹಿಂದಿರುಗಿ ವರದಿ ಒಪ್ಪಿಸುವುದಿಲ್ಲ. ಮೊದಲು ಬರುವವು ವಯಸ್ಸಾದ ಹಕ್ಕಿಗಳು, ದಾರಿಯೂ ಜಾಗವೂ ಗೊತ್ತಿರುವವು. ಒಂದೆರಡು ದಿನ ಕಂಡು ಮಾಯವಾದರೆ ಇನ್ನೂ ಉತ್ತರಕ್ಕೆ ಹೋಗಿರಬಹುದು, ಮೇವು ಹುಡುಕಿ ಹತ್ತಿರದ ಕೆರೆಗೆ ಹೋಗಿರಬಹುದು, ಇಲ್ಲವೇ ಸತ್ತಿರಬಹುದು. ಕಳೆದ ಬೇಸಿಗೆಯಲ್ಲಿ ಹುಟ್ಟಿದ ಎಳೆಯ ಹಕ್ಕಿಗಳು ಬರುವುದು ಹಿರಿಯರು ಬಂದು ನಾಲ್ಕೈದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದ ಮೇಲೆ.

ಇಷ್ಟು ಅವಸರ ಯಾಕೆ? ಚಳಿ ಪೂರ್ತಿ ಹೋದ ಮೇಲೆ ಹಾಯಾಗಿ ಬರಬಾರದೇ? ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಈ ಪ್ರಶ್ನೆ ಏಳುವುದಿಲ್ಲ. ಮಾರ್ಟಿನ್ ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿ, ಆದರೆ ಮರ ಕೊರೆಯುವ ಕೊಕ್ಕು ಅದಕ್ಕಿಲ್ಲ. ಯಾರೋ ಮಾಡಿಟ್ಟ ತೂತೇ ಗತಿ. ಒಳ್ಳೆಯ ತೂತುಗಳು ಯಾವಾಗಲೂ ಹಕ್ಕಿಗಳಿಗಿಂತ ಕಡಿಮೆ. ಹಾಗಾಗಿ ಮೊದಲು ಬಂದವನಿಗೆ ಆಯ್ಕೆ, ಕೊನೆಗೆ ಬಂದವನಿಗೆ ಉಳಿದದ್ದು. ಹಿರಿಯ ಗಂಡು ಒಂದು ಖಾನೆಗೆ ತೃಪ್ತನಾಗದೆ ಅಕ್ಕಪಕ್ಕದ ಇನ್ನೂ ಕೆಲವನ್ನು ತನ್ನದೆಂದು ಕಾಯುತ್ತಾನೆ. ಹೆಣ್ಣು ಖಾನೆಯನ್ನೂ ನೋಡುತ್ತದೆ, ಅದರ ಒಡೆಯನನ್ನೂ ನೋಡುತ್ತದೆ. ಬೇಗ ಜೋಡಿಯಾದವು ಬೇಗ ಮೊಟ್ಟೆಯಿಡುತ್ತವೆ, ಮರಿಗಳು ಬಲಿಯಲು ಹೆಚ್ಚು ಕಾಲ ಸಿಗುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಸಂಸಾರ ನಡೆಸುವ ಹಕ್ಕಿಗೆ ಈ ಕೆಲವು ವಾರಗಳು ಸಣ್ಣ ಲಾಭವಲ್ಲ.

ಸೀಟು ಹಿಡಿದ ಮೇಲೆ ಹಿರಿಯ ಗಂಡು ಮಾಡುವ ಕೆಲಸ ಮಾತ್ರ ಮೇಲ್ನೋಟಕ್ಕೆ ಅರ್ಥವೇ ಆಗುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ, ಇನ್ನೂ ಗಾಢ ಕತ್ತಲಿರುವಾಗ, ಅದು ಗೂಡಿನಿಂದೆದ್ದು ಎತ್ತರಕ್ಕೆ ಹಾರಿ, ವಸತಿಯ ಮೇಲೆ ಸುತ್ತುತ್ತ ಹಾಡುತ್ತದೆ. ಹಗಲಿನ ಗಂಟಲು ಮುಕ್ಕಳಿಕೆಗಿಂತ ಇದು ಬೇರೆ ಹಾಡು; ಜೋರು, ಬಿಟ್ಟುಬಿಟ್ಟು ಬರುವ ಸ್ವರ, ಬಹಳ ದೂರಕ್ಕೆ ಕೇಳುತ್ತದೆ. ತನಗೆ ಗೂಡಿದೆ, ಹೆಂಡತಿಯೂ ಸಿಕ್ಕಾಗಿದೆ. ಇನ್ಯಾರನ್ನು ಕರೆಯುತ್ತಿದ್ದಾನೆ?

ಸ್ಮಿತ್ಸೋನಿಯನ್ ಸಂಸ್ಥೆಯ ಯೂಜೀನ್ ಮಾರ್ಟನ್ ಮತ್ತು ಸಂಗಡಿಗರು 1990ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಈ ಹಾಡು ತಡವಾಗಿ ಬರುತ್ತಿರುವ ಎಳೆಯ ಹಕ್ಕಿಗಳನ್ನು ವಸತಿಗೆ ಸೆಳೆಯುತ್ತದೆ. ಎಳೆಯ ಗಂಡು ಬಂದು ಕೆಳಗಿನ ಖಾನೆಯೊಂದರಲ್ಲಿ ಸಂಸಾರ ಹೂಡುತ್ತಾನೆ. ಮರಿಗಳ ಡಿಎನ್‌ಎ ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು: ಹಿರಿಯನ ಗೂಡಿನಲ್ಲಿದ್ದವು ಹೆಚ್ಚುಕಡಿಮೆ ಎಲ್ಲವೂ ಅವನವೇ. ಎಳೆಯನ ಗೂಡಿನಲ್ಲಿದ್ದ ಮರಿಗಳಲ್ಲಿ ಬಹುಪಾಲು ಅವನವಲ್ಲ, ಹಿರಿಯರವು. ಪಾಪದ ಹುಡುಗ ಬೇರೆಯವರ ಮಕ್ಕಳಿಗೆ ದಿನವಿಡೀ ಹುಳ ತಂದು ತಿನ್ನಿಸುತ್ತಿದ್ದ. ಎಳೆಯ ಗಂಡು ಹೆಣ್ಣಿನ ಬಣ್ಣದಲ್ಲೇ ಇರುವುದರಿಂದ ಹಿರಿಯರ ಕೋಪಕ್ಕೆ ಅಷ್ಟಾಗಿ ಗುರಿಯಾಗದೆ ನುಸುಳಬಹುದು ಎಂಬ ಊಹೆಯೂ ಇದೆ. ಒಂದೇ ಕಂಬದಲ್ಲಿ ಒಟ್ಟಾಗಿ ಬಾಳುವ ಮಾರ್ಟಿನ್‌ಗಳನ್ನು ನೋಡಿ ‘ಎಷ್ಟು ಅನ್ಯೋನ್ಯ’ ಎನ್ನುವವರು ಮಾರ್ಟನ್ ತಂಡದ ಪ್ರಬಂಧವನ್ನು ಓದದಿರುವುದೇ ಒಳ್ಳೆಯದು.

ಬೇಗ ಬರುವುದರ ಲಾಭ ಇಷ್ಟು. ಇನ್ನು ಅದಕ್ಕೆ ತೆರುವ ಬೆಲೆ. ಮಾರ್ಟಿನ್ ತಿನ್ನುವುದು ಹಾರುವ ಕೀಟಗಳನ್ನು ಮಾತ್ರ, ಅದೂ ಹಾರುತ್ತಲೇ ಹಿಡಿದು. ಕಾಳು ಮುಟ್ಟುವುದಿಲ್ಲ, ಹಣ್ಣು ಮುಟ್ಟುವುದಿಲ್ಲ, ತಟ್ಟೆಯಲ್ಲಿಟ್ಟ ಆಹಾರವನ್ನು ಆಹಾರವೆಂದೇ ಗುರುತಿಸುವುದಿಲ್ಲ. ಗಾಳಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಕೀಟಗಳು ಹಾರುವುದಿಲ್ಲ. ಜಡಿಮಳೆ ಹಿಡಿದರೂ ಅಷ್ಟೆ. ಒಂದು ದಿನ, ಎರಡು ದಿನ ಮೈಯ ಕೊಬ್ಬಿನಲ್ಲಿ ದೂಡಬಹುದು. ಮೂರು ನಾಲ್ಕು ದಿನ ಹೀಗೇ ಮುಂದುವರಿದರೆ ಸಾಯಲು ಶುರುವಾಗುತ್ತವೆ. ಚಳಿಗೆ ಒಂದೇ ಖಾನೆಯಲ್ಲಿ ಹಲವು ಹಕ್ಕಿಗಳು ಒತ್ತೊತ್ತಾಗಿ ಸೇರಿಕೊಳ್ಳುವುದುಂಟು. ಹಾಗೆ ಸೇರಿದವು ಹಾಗೆಯೇ ಸತ್ತು ಸಿಗುವುದೂ ಉಂಟು.

2021ರ ಫೆಬ್ರವರಿ ನಡುವಿನಲ್ಲಿ ಟೆಕ್ಸಸ್ ಇದನ್ನು ಕಂಡಿತು. ಆ ಹೊತ್ತಿಗೆ ದಕ್ಷಿಣದ ಹಿರಿಯ ಹಕ್ಕಿಗಳು ಬಂದು ಖಾನೆ ಹಿಡಿದಾಗಿತ್ತು. ಉತ್ತರ ಧ್ರುವದ ಕಡೆಯ ಶೀತಗಾಳಿ ಮೆಕ್ಸಿಕೊ ಕೊಲ್ಲಿಯ ತನಕ ನುಗ್ಗಿತು. ಹ್ಯೂಸ್ಟನ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯಿತು, ವಿದ್ಯುತ್ ಜಾಲ ಕುಸಿಯಿತು, ಮನೆಯೊಳಗೇ ಜನ ಚಳಿಗೆ ಸತ್ತರು. ಆ ಸುದ್ದಿಗಳ ನಡುವೆ ಹಕ್ಕಿಗಳ ಸುದ್ದಿ ಎಲ್ಲೋ ಮೂಲೆಯಲ್ಲಿತ್ತು. ಹಿಮ ಕರಗಿದ ಮೇಲೆ ಕಂಬ ಇಳಿಸಿ ನೋಡಿದ ಎಷ್ಟೋ ಮನೆಗಳವರಿಗೆ ಖಾನೆಗಳಲ್ಲಿ ಸಿಕ್ಕಿದ್ದು ಸತ್ತ ಮಾರ್ಟಿನ್‌ಗಳು. ಚಳಿಗಾಲ ಕಳೆದ ಮೇಲೂ ಅಪಾಯ ತಪ್ಪಿದ್ದಲ್ಲ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಪೆನ್ಸಿಲ್ವೇನಿಯಾ ಮತ್ತು ಸುತ್ತಲಿನ ರಾಜ್ಯಗಳ ಮೇಲೆ ದಿನಗಟ್ಟಲೆ ಮಳೆ ಸುರಿಸಿದಾಗ ಮರಿಗಳ ಜೊತೆ ತಾಯ್ತಂದೆಯರೂ ಹಸಿದು ಸತ್ತವು. ಊರೂರುಗಳ ಪೆಟ್ಟಿಗೆಗಳು ಖಾಲಿಯಾದವು.

ಇಂಥ ದಿನಗಳಿಗಾಗಿ ಮಾರ್ಟಿನ್ ಸಾಕಣೆಯವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಸಾಕುಪ್ರಾಣಿಗಳ ಅಂಗಡಿಯಿಂದ ಜೀರುಂಡೆಗಳನ್ನು ತಂದು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಚಳಿ ಹಿಡಿದ ಎರಡನೆಯ ದಿನ ಅವನ್ನು ಕರಗಿಸಿ, ಕಂಬದ ಬುಡಕ್ಕೆ ಹೋಗಿ, ಪ್ಲಾಸ್ಟಿಕ್ ಚಮಚದಲ್ಲಿ ಒಂದೊಂದನ್ನೇ ಇಟ್ಟು, ಚಮಚ ಹಿಂದಕ್ಕೆ ಬಗ್ಗಿಸಿ, ಹಕ್ಕಿಯ ಮೂತಿಯ ಮುಂದೆ ಹಾದುಹೋಗುವಂತೆ ಚಿಮ್ಮಿಸುತ್ತಾರೆ. ಮೊದಮೊದಲು ಹಕ್ಕಿ ಬೆದರುತ್ತದೆ, ಇಲ್ಲವೇ ಕತ್ತು ಹೊರಳಿಸಿ ನೋಡಿ ಸುಮ್ಮನಿರುತ್ತದೆ. ಹತ್ತಿಪ್ಪತ್ತು ಜೀರುಂಡೆ ಹುಲ್ಲಿನ ಪಾಲಾದ ಮೇಲೆ ಯಾವುದೋ ಒಂದು ಹಕ್ಕಿ ಥಟ್ಟನೆ ಹಾರಿ ಗಾಳಿಯಲ್ಲೇ ಹಿಡಿಯುತ್ತದೆ. ಒಂದು ಹಿಡಿದದ್ದು ಕಂಡರೆ ಉಳಿದವೂ ಕಲಿಯುತ್ತವೆ. ಅಭ್ಯಾಸವಾದ ಹಕ್ಕಿಗಳು ಆಮೇಲೆ ಎತ್ತರದ ತಟ್ಟೆಯಲ್ಲಿಟ್ಟದ್ದನ್ನೂ ತಿನ್ನುತ್ತವೆ. ಜೀರುಂಡೆ ಮುಗಿದರೆ ಮಸಾಲೆ ಹಾಕದೆ ಬೇಯಿಸಿ ಪುಡಿ ಮಾಡಿದ ಕೋಳಿಮೊಟ್ಟೆಯೂ ಆಗುತ್ತದೆ. ಕೊರೆಯುವ ಚಳಿಯಲ್ಲಿ ಟೊಪ್ಪಿ ಹಾಕಿಕೊಂಡ ನಿವೃತ್ತ ಗೃಹಸ್ಥರೊಬ್ಬರು ಆಕಾಶಕ್ಕೆ ಚಮಚದಿಂದ ಹುಳ ಎಸೆಯುತ್ತ ನಿಂತಿರುವುದನ್ನು ಬೀದಿಯಲ್ಲಿ ಹೋಗುವವರು ಏನೆಂದುಕೊಳ್ಳುತ್ತಾರೋ.

ಈ ಹಕ್ಕಿಗೂ ಮನುಷ್ಯನಿಗೂ ಇಷ್ಟು ಹತ್ತಿರದ ನಂಟು ಬೆಳೆದದ್ದು ಯುರೋಪಿನವರು ಬರುವುದಕ್ಕೆ ಮೊದಲೇ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್, ಚಾಕ್ಟಾ ಮತ್ತು ಚಿಕಸಾ ಬುಡಕಟ್ಟಿನವರು ಗುಡಿಸಲ ಬಳಿಯ ಎಳೆಮರಗಳ ತಲೆ ಕಡಿದು, ಕೊಂಬೆಗಳ ಮೊಟಕು ಉಳಿಸಿ, ಅದಕ್ಕೆ ಪೊಳ್ಳು ಬುರುಡೆಗಳನ್ನು ಕಟ್ಟುತ್ತಿದ್ದುದನ್ನು ದಾಖಲಿಸಿದ. ಮಾರ್ಟಿನ್‌ಗಳು ಗಿಡುಗ, ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ, ಅಂಗಳದಲ್ಲಿ ಒಣಹಾಕಿದ್ದು ಉಳಿಯುತ್ತದೆ. ಇಬ್ಬರಿಗೂ ಅನುಕೂಲ. ಆ ಬುರುಡೆ ನಮಗೆ ಅಪರಿಚಿತವಲ್ಲ, ನಮ್ಮ ಸೋರೆಬುರುಡೆಯೇ. ಲಗೆನೇರಿಯಾ ಸಿಸೆರೇರಿಯಾ ಎಂಬ ಒಂದೇ ಜಾತಿಯ ಬಳ್ಳಿ ಆಫ್ರಿಕದಿಂದ ಎರಡೂ ಕಡೆಗೆ ಹಬ್ಬಿದೆ. ಅಮೆರಿಕದಲ್ಲಿ ಅದು ಹತ್ತು ಸಾವಿರ ವರ್ಷಗಳಿಂದ ಇದೆ. ಇಲ್ಲಿ ನಾವು ಅದರಲ್ಲಿ ಬಿತ್ತನೆ ಬೀಜ ತುಂಬಿಟ್ಟೆವು, ತಂತಿ ಬಿಗಿದು ತಂಬೂರಿ ಮಾಡಿದೆವು. ಅಲ್ಲಿಯವರು ತೂತು ಕೊರೆದು ಹಕ್ಕಿಗೆ ಕೊಟ್ಟರು.

ವಲಸಿಗರು ಈ ರೂಢಿಯನ್ನು ಹಾಗೆಯೇ ಮುಂದುವರಿಸಿದರು, ಬುರುಡೆಯ ಜೊತೆಗೆ ಮರದ ಪೆಟ್ಟಿಗೆಯೂ ಬಂತು. ಈ ನಡುವೆ ಕಾಡು ಕಡಿದು ಒಣಮರಗಳು ಹೋದವು. ಇವತ್ತು ರಾಕಿ ಪರ್ವತಗಳ ಪೂರ್ವಕ್ಕಿರುವ ಮಾರ್ಟಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಕೊಟ್ಟ ಮನೆಗಳಲ್ಲೇ ಗೂಡು ಮಾಡುತ್ತವೆ. ಅರಿಜೋನಾದ ಮರುಭೂಮಿಯಲ್ಲಿರುವ ಇವುಗಳ ಸೋದರಸಂಬಂಧಿಗಳು ಮಾತ್ರ ಇನ್ನೂ ಹಳೆಯ ಪದ್ಧತಿಯಲ್ಲಿವೆ: ಮರಕುಟಿಗ ಕೊರೆದುಬಿಟ್ಟ ಸಗುವಾರೊ ಕಳ್ಳಿಯ ತೂತುಗಳಲ್ಲಿ. ಒಂದು ಕಾಡುಹಕ್ಕಿಯ ಬಹುದೊಡ್ಡ ಭಾಗ ತನ್ನ ವಸತಿಗಾಗಿ ಪೂರ್ತಿ ಮನುಷ್ಯನನ್ನೇ ನೆಚ್ಚಿದೆ.

ಮನೆ ಕೊಟ್ಟರೆ ಸಾಲದು, ಕಾಯಲೂ ಬೇಕು. ಇಲ್ಲಿ ಕನ್ನಡಿಗರಿಗೆ ಸ್ವಲ್ಪ ಕಸಿವಿಸಿಯಾಗುವ ಸಂಗತಿಯೊಂದಿದೆ. ಮಾರ್ಟಿನ್‌ಗಳ ಮೊದಲನೇ ಶತ್ರು ನಮ್ಮ ಮನೆಗುಬ್ಬಿ. ನಾವು ಇಲ್ಲಿ ಮಾರ್ಚ್ 20ರಂದು ಗುಬ್ಬಿ ದಿನ ಆಚರಿಸಿ, ರಟ್ಟಿನ ಗೂಡು ಹಂಚಿ, ‘ಎಲ್ಲಿ ಹೋದವು’ ಎಂದು ಮರುಗುತ್ತೇವೆ. ಅಲ್ಲಿ ಅದೇ ಗುಬ್ಬಿ 1850ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ಬಿಟ್ಟ ಕೆಲವು ಹಕ್ಕಿಗಳಿಂದ ಖಂಡವಿಡೀ ಹರಡಿ, ಮಾರ್ಟಿನ್ ಖಾನೆಗೆ ನುಗ್ಗಿ, ಮೊಟ್ಟೆ ಕುಕ್ಕಿ ಹಾಕಿ, ಹುಲ್ಲು ತುರುಕಿ ತನ್ನ ಗೂಡು ಮಾಡುತ್ತದೆ. ಇನ್ನೊಂದು ಯುರೋಪಿನ ಸ್ಟಾರ್ಲಿಂಗ್, ನಮ್ಮ ಗೊರವಂಕದ ನೆಂಟ. ಯೂಜೀನ್ ಶೀಫ್ಲಿನ್ ಎಂಬಾತ 1890 ಮತ್ತು 91ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ನೂರರಷ್ಟು ಹಕ್ಕಿಗಳನ್ನು ಬಿಟ್ಟ. ಸ್ಟಾರ್ಲಿಂಗ್ ದೊಡ್ಡ ಮಾರ್ಟಿನನ್ನೂ ಖಾನೆಯೊಳಗೇ ಕುಕ್ಕಿ ಕೊಲ್ಲಬಲ್ಲದು. ಅದಕ್ಕೇ ಈಗಿನ ಖಾನೆಗಳಿಗೆ ದುಂಡು ಬಾಗಿಲಿನ ಬದಲು ಅರ್ಧಚಂದ್ರದ ಬಾಗಿಲು, ಎತ್ತರ ಮೂರು ಸೆಂಟಿಮೀಟರ್ ಮಾತ್ರ. ಮಾರ್ಟಿನ್ ಮೈ ತಗ್ಗಿಸಿ ನುಸುಳುತ್ತದೆ, ಎದೆ ಉಬ್ಬಿದ ಸ್ಟಾರ್ಲಿಂಗ್‌ಗೆ ಆಗುವುದಿಲ್ಲ. ಗುಬ್ಬಿ ಸಣ್ಣದು, ಎಲ್ಲಿ ಬೇಕಾದರೂ ತೂರುತ್ತದೆ. ಅದಕ್ಕೆ ಮನೆಯವರ ಕಣ್ಗಾವಲೇ ಮದ್ದು. ವಾರಕ್ಕೊಮ್ಮೆ ಕಂಬ ಇಳಿಸಿ ಖಾನೆ ತೆರೆದು ನೋಡುತ್ತಾರೆ. ಕಡ್ಡಿ ಮತ್ತು ಕೆಸರಿನ ಗೂಡು, ಮೇಲೆ ಹೊಸದಾಗಿ ಕಿತ್ತು ತಂದ ಹಸಿರೆಲೆಯ ಹಾಸು, ಅದರ ಮೇಲೆ ನಾಲ್ಕೈದು ಅಚ್ಚ ಬಿಳಿ ಮೊಟ್ಟೆ. ಎಣಿಸಿ ಬರೆದುಕೊಂಡು ಮತ್ತೆ ಏರಿಸುತ್ತಾರೆ. ಮಾರ್ಟಿನ್ ಇದಕ್ಕೆ ಬೇಸರಿಸುವುದಿಲ್ಲ. ಪಕ್ಕದ ತಂತಿಯ ಮೇಲೆ ಕೂತು, ಕಂಬ ಏರಿದ ತಕ್ಷಣ ಒಳಗೆ ಹೋಗುತ್ತದೆ.

ಸೊಳ್ಳೆಯ ಕತೆಯನ್ನೂ ಮುಗಿಸಿಬಿಡೋಣ. ಒಂದು ಮಾರ್ಟಿನ್ ದಿನಕ್ಕೆ 2000 ಸೊಳ್ಳೆ ತಿನ್ನುತ್ತದೆ ಎಂಬ ಮಾತು ಅಲ್ಲಿ ಮನೆಮಾತು. 1960ರ ದಶಕದಲ್ಲಿ ಇಲಿನಾಯ್ ರಾಜ್ಯದ ಗ್ರಿಗ್ಸ್‌ವಿಲ್ ಎಂಬ ಊರಿನಲ್ಲಿ ಅಲ್ಯೂಮಿನಿಯಂ ಮಾರ್ಟಿನ್ ಮನೆಗಳ ಕಾರ್ಖಾನೆ ಶುರುವಾದಾಗ ಈ ಮಾತೂ ಪೆಟ್ಟಿಗೆಗಳ ಜೊತೆ ಊರೂರಿಗೆ ಹೋಯಿತು. 1968ರಲ್ಲಿ ಹರ್ಬರ್ಟ್ ಕೇಲ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ನೋಡಿ ಇದನ್ನು ತಳ್ಳಿಹಾಕಿದರು. ಮಾರ್ಟಿನ್ ಹಗಲಿನಲ್ಲಿ, ಮರಗಳಿಗಿಂತ ಬಹಳ ಎತ್ತರದಲ್ಲಿ ಬೇಟೆಯಾಡುತ್ತದೆ; ಸೊಳ್ಳೆ ಮುಸ್ಸಂಜೆಯಲ್ಲಿ, ನೆಲದ ಹತ್ತಿರ. ಇಬ್ಬರಿಗೂ ಭೇಟಿಯೇ ಅಪರೂಪ. ಮಾರ್ಟಿನ್ ಹೊಟ್ಟೆಗೆ ಹೋಗುವುದು ಏರೋಪ್ಲೇನ್ ಚಿಟ್ಟೆ, ಜೀರುಂಡೆ, ನೊಣ, ರೆಕ್ಕೆ ಬಂದ ಇರುವೆ ಇಂಥವು. ಆದರೂ ಈ ಸುಳ್ಳಿನಿಂದಾಗಿ ಲಕ್ಷಾಂತರ ಖಾನೆಗಳು ಮೇಲೇರಿದವು. ಹಕ್ಕಿಯ ದೃಷ್ಟಿಯಿಂದ ನೋಡಿದರೆ ಇಷ್ಟು ಉಪಕಾರ ಮಾಡಿದ ಜಾಹೀರಾತು ಇನ್ನೊಂದಿಲ್ಲ.

ಈಗ ಈ ಅಧ್ಯಾಯದ ಮುಖ್ಯ ಪ್ರಶ್ನೆಗೆ ಬರೋಣ. ಬೇಗ ಬರುವ ಈ ಹಕ್ಕಿಗೆ ಯಾವಾಗ ಹೊರಡಬೇಕೆಂದು ಹೇಗೆ ಗೊತ್ತಾಗುತ್ತದೆ?

ಮಾರ್ಟಿನ್‌ಗಳು ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದಲ್ಲಿ ಎಂಬುದು ಹಿಂದೆಯೇ ಗೊತ್ತಿತ್ತು. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಊರುಗಳಲ್ಲಿ ಚೌಕದ ಮರಗಳಿಗೆ ಸಂಜೆ ಸಾವಿರಗಟ್ಟಲೆ ಬಂದು ಕೂರುತ್ತಿದ್ದುದರಿಂದ ಅದೇ ಅವುಗಳ ಮುಖ್ಯ ನೆಲೆ ಎಂದುಕೊಂಡಿದ್ದರು. ಯಾವ ಹಕ್ಕಿ ಎಂದು ಹೊರಟಿತು, ಯಾವ ದಾರಿಯಲ್ಲಿ ಬಂತು ಎಂದು ಹೇಳುವವರಿರಲಿಲ್ಲ. ಉಪಗ್ರಹಕ್ಕೆ ಸಂದೇಶ ಕಳಿಸುವ ಆಗಿನ ಯಂತ್ರಗಳು ಈ ಹಕ್ಕಿಗೆ ಭಾರವಾಗಿದ್ದವು.

ದಾರಿ ತೋರಿಸಿದ್ದು ಜಿಯೋಲೊಕೇಟರ್ ಎಂಬ ಪುಟಾಣಿ ಸಾಧನ. ತೂಕ ಒಂದು ಗ್ರಾಂನ ಆಸುಪಾಸು. ಅದರಲ್ಲಿರುವುದು ಒಂದು ಗಡಿಯಾರ, ಒಂದು ಬೆಳಕಿನ ಸಂವೇದಕ, ಸ್ವಲ್ಪ ಸ್ಮೃತಿ, ಬ್ಯಾಟರಿ, ಅಷ್ಟೆ. ಎಷ್ಟು ಹೊತ್ತಿಗೆ ಬೆಳಗಾಯಿತು, ಎಷ್ಟು ಹೊತ್ತಿಗೆ ಕತ್ತಲಾಯಿತು ಎಂದು ಬರೆದಿಡುತ್ತ ಹೋಗುತ್ತದೆ. ಹಗಲಿನ ಉದ್ದದಿಂದ ಅಕ್ಷಾಂಶ, ನಡುಹಗಲಿನ ವೇಳೆಯಿಂದ ರೇಖಾಂಶ. ಹಳೆಯ ನಾವಿಕರ ಲೆಕ್ಕವೇ. ತೊಂದರೆ ಏನೆಂದರೆ ಅದು ಏನನ್ನೂ ಪ್ರಸಾರ ಮಾಡುವುದಿಲ್ಲ. ಹಕ್ಕಿಯನ್ನು ಮರುವರ್ಷ ಮತ್ತೆ ಹಿಡಿದು, ಬೆನ್ನಿನಿಂದ ಬಿಚ್ಚಿದರೆ ಮಾತ್ರ ಕತೆ ಸಿಗುತ್ತದೆ. ಅದೇ ಹಿತ್ತಿಲ ಅದೇ ಕಂಬಕ್ಕೆ ಹಿಂದಿರುಗುವ ಹಕ್ಕಿಗಿಂತ ಇದಕ್ಕೆ ಯೋಗ್ಯರಾದವರು ಯಾರು?

ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಬ್ರಿಜೆಟ್ ಸ್ಟಚ್‌ಬರಿ ಮತ್ತು ತಂಡ 2007ರ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾದ 20 ಮಾರ್ಟಿನ್‌ಗಳ ಬೆನ್ನಿಗೆ ಇದನ್ನು ಕಟ್ಟಿತು. ಮರುವರ್ಷ ಎರಡು ಹಕ್ಕಿಗಳಿಂದ ಸಾಧನಗಳು ವಾಪಸು ಸಿಕ್ಕವು. ಎರಡೇ ಆದರೂ ಅವು ಹೇಳಿದ ಸುದ್ದಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಪಕ್ಷಿಲೋಕ ಹುಬ್ಬೇರಿಸಿತು. ಒಂದು ಹೆಣ್ಣು ಹಕ್ಕಿ ಹೋಗುವಾಗ ದಾರಿಯಲ್ಲಿ ತಂಗುತ್ತ 43 ದಿನ ತೆಗೆದುಕೊಂಡಿತ್ತು. ಬರುವಾಗ ಏಪ್ರಿಲ್ 12ರಂದು ಬ್ರೆಜಿಲ್ ಬಿಟ್ಟದ್ದು ಸುಮಾರು 7500 ಕಿಲೋಮೀಟರ್ ದಾರಿಯನ್ನು 13 ದಿನಗಳಲ್ಲಿ ಮುಗಿಸಿ ಪೆನ್ಸಿಲ್ವೇನಿಯಾದಲ್ಲಿತ್ತು. ಸರಾಸರಿ ದಿನಕ್ಕೆ 577 ಕಿಲೋಮೀಟರ್. ನಡುವೆ ವಿಶ್ರಾಂತಿಯ ದಿನಗಳೂ ಇದರಲ್ಲೇ ಸೇರಿವೆ. ಹಾಡುಹಕ್ಕಿಗಳು ದಿನಕ್ಕೆ ನೂರೈವತ್ತು ಕಿಲೋಮೀಟರ್ ದಾಟಲಾರವು ಎಂದು ಅಲ್ಲಿಯವರೆಗೆ ಅಂದಾಜು ಮಾಡಿದ್ದರು.

ಮುಂದಿನ ವರ್ಷಗಳಲ್ಲಿ ಸ್ಟಚ್‌ಬರಿಯವರ ಸಹೋದ್ಯೋಗಿ ಕೆವಿನ್ ಫ್ರೇಸರ್ ಖಂಡದ ಬೇರೆಬೇರೆ ಕಡೆಯ ವಸತಿಗಳಲ್ಲಿ ಇದನ್ನು ಮುಂದುವರಿಸಿದರು. ಬಹುತೇಕ ಮಾರ್ಟಿನ್‌ಗಳ ಚಳಿಗಾಲದ ನೆಲೆ ಸಾವೊ ಪಾಲೊ ಅಲ್ಲ, ಅಮೆಜಾನ್ ಕಾಡು ಎಂದು ಆಗ ತಿಳಿಯಿತು. ಕಾಡಿನ ನಡುವೆ ಕುಳಿತ ಆ ಹಕ್ಕಿಗೆ ಪೆನ್ಸಿಲ್ವೇನಿಯಾದಲ್ಲಿ ಹಿಮ ಕರಗಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಹಾಗಾದರೆ ಅದು ನೋಡುವುದು ಯಾವ ಪಂಚಾಂಗವನ್ನು? ಒಂದು, ಮೈಯೊಳಗಿನದು. ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ವಲಸೆ ಹಕ್ಕಿಗಳನ್ನು ಹಗಲು-ರಾತ್ರಿಯ ಉದ್ದ ಬದಲಾಗದ ಕೋಣೆಗಳಲ್ಲಿ ವರ್ಷಗಟ್ಟಲೆ ಸಾಕಿದರು. ಹೊರಗಿನ ಋತುವಿನ ಸುಳಿವೇ ಇಲ್ಲದಿದ್ದರೂ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಅವು ಗರಿ ಉದುರಿಸಿದವು, ಕೊಬ್ಬು ತುಂಬಿಕೊಂಡವು, ವಲಸೆಯ ಹೊತ್ತಿಗೆ ರಾತ್ರಿಯಿಡೀ ಪಂಜರದಲ್ಲಿ ಚಡಪಡಿಸಿದವು. ಎರಡು, ಹಗಲಿನ ಉದ್ದ. ಸಮಭಾಜಕದ ಬಳಿ ಅದು ವರ್ಷವಿಡೀ ಬಹಳ ಬದಲಾಗುವುದಿಲ್ಲ, ನಿಜ. ಆದರೆ ಪನಾಮಾದ ಕಾಡಿನ ಇರುವೆಹಕ್ಕಿಯೊಂದು ಹಗಲಿನಲ್ಲಿ 17 ನಿಮಿಷ ಹೆಚ್ಚಾದರೂ ಗುರುತಿಸಿ ಸಂತಾನಕ್ಕೆ ಸಿದ್ಧವಾಗುತ್ತದೆ ಎಂದು 1998ರಲ್ಲಿ ತೋರಿಸಲಾಗಿದೆ. ಒಳಗಿನ ಗಡಿಯಾರ ಮತ್ತು ಹೊರಗಿನ ಸೂರ್ಯ, ಈ ಎರಡೂ ನಂಬಿಕಸ್ತರು. ಸಾವಿರಾರು ವರ್ಷ ಇವರ ಮಾತು ಕೇಳಿ ಹೊರಟ ಹಕ್ಕಿಗೆ ಸಾಮಾನ್ಯವಾಗಿ ಸರಿಯಾದ ಹೊತ್ತಿಗೆ ಹುಳ ಸಿಗುತ್ತಿತ್ತು. ತೀರಾ ಬೇಗ ಹೊರಟವನ್ನು ಚಳಿ ಕೊಂದಿತು, ತೀರಾ ತಡಮಾಡಿದವಕ್ಕೆ ಗೂಡು ಸಿಗಲಿಲ್ಲ. ಈಗಿನ ತಾರೀಖು ಆ ಜರಡಿಯಲ್ಲಿ ಉಳಿದದ್ದು.

ಈ ಪಂಚಾಂಗಕ್ಕೆ ಪರೀಕ್ಷೆ ಬಂದದ್ದು 2012ರಲ್ಲಿ. ಆ ಮಾರ್ಚ್ ಅಮೆರಿಕದ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬೆಚ್ಚಗಿನ ಮಾರ್ಚ್. ಉತ್ತರದ ರಾಜ್ಯಗಳಲ್ಲಿ ಎಲೆ ವಾರಗಟ್ಟಲೆ ಮೊದಲೇ ಚಿಗುರಿತು, ಕೀಟಗಳೂ ಮೊದಲೇ ಎದ್ದವು. ಫ್ರೇಸರ್ ತಂಡ ಆ ವರ್ಷದ ಜಿಯೋಲೊಕೇಟರ್ ದಾಖಲೆಗಳನ್ನು ಹಿಂದಿನ ವರ್ಷಗಳವುಗಳ ಜೊತೆ ಇಟ್ಟು ನೋಡಿತು. ಮಾರ್ಟಿನ್‌ಗಳು ಅಮೆಜಾನ್‌ನಿಂದ ಬೇಗ ಹೊರಟಿರಲಿಲ್ಲ. ದಾರಿಯಲ್ಲಿ ವೇಗ ಹೆಚ್ಚಿಸಿರಲಿಲ್ಲ. ಬೇಗ ತಲುಪಿರಲೂ ಇಲ್ಲ. ಚಳಿ ಮುಗಿಯುವ ಮೊದಲೇ ಬರುವ ಹಕ್ಕಿ ಎಂದು ಹೆಸರಾದದ್ದು ಆ ವರ್ಷ ವಸಂತಕ್ಕಿಂತ ತಡವಾಗಿ ಬಂದಿತ್ತು.

ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಚಿಂತೆ ಹುಟ್ಟಿಸುವ ಭಾಗ ಇದು. 2012 ಮತ್ತು 2021 ಎರಡನ್ನೂ ಪಕ್ಕಪಕ್ಕ ಇಡಿ. ಒಂದು ವರ್ಷ ವಸಂತ ಓಡಿಹೋಗಿ ಹಕ್ಕಿ ಹಿಂದೆ ಬಿತ್ತು, ಇನ್ನೊಂದು ವರ್ಷ ಹಕ್ಕಿ ಬಂದ ಮೇಲೆ ಚಳಿಗಾಲ ತಿರುಗಿ ಬಂತು. ಬೇಗ ಹೊರಡುವ ಗುಣವನ್ನು ಒಂದು ಪ್ರೋತ್ಸಾಹಿಸಿದರೆ ಇನ್ನೊಂದು ಕೊಲ್ಲುತ್ತದೆ. ಸೂರ್ಯನ ಲೆಕ್ಕ ತಪ್ಪಿಲ್ಲ, ಹಗಲು ಉದ್ದವಾಗುವುದು ಅಂದಿನಂತೆಯೇ ಇಂದೂ. ಹಗಲಿಗೂ ಹವೆಗೂ ಇದ್ದ ಹೊಂದಾಣಿಕೆ ಸಡಿಲವಾಗಿದೆ, ಅದನ್ನು ಸಡಿಲಿಸಿದವರು ನಾವು. ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಹಾರುವ ಕೀಟಗಳನ್ನು ನೆಚ್ಚಿದ ಹಕ್ಕಿಗಳು ಅದರಲ್ಲಿ ಹೆಚ್ಚು ಪೆಟ್ಟು ತಿಂದಿವೆ. ಮಾರ್ಟಿನ್ ಕೂಡ ಆ ಸಾಲಿನಲ್ಲಿದೆ. ಕಂಬ ನಿಲ್ಲಿಸುವವರಲ್ಲಿ ವಯಸ್ಸಾದವರೇ ಹೆಚ್ಚು ಎಂಬುದು ಇನ್ನೊಂದು ಚಿಂತೆ. ಅವರು ಹೋದ ಮೇಲೆ ಆ ಮನೆ ಕೊಂಡವರು ಕಂಬ ಕಿತ್ತರೆ, ಮರುವರ್ಷ ಅಮೆಜಾನ್‌ನಿಂದ ಬಂದ ಹಕ್ಕಿಗೆ ಇಳಿಯಲು ಜಾಗವಿರುವುದಿಲ್ಲ.

ಜುಲೈ ಹೊತ್ತಿಗೆ ಮರಿಗಳು ಹಾರಿ ಹಿತ್ತಿಲು ಖಾಲಿಯಾಗುತ್ತದೆ. ಹೊರಡುವ ಮೊದಲು ಅವು ಲಕ್ಷಗಟ್ಟಲೆ ಒಂದೆಡೆ ಸೇರುತ್ತವೆ. ದಕ್ಷಿಣ ಕ್ಯಾರೊಲಿನಾದ ಮರ್ರೆ ಸರೋವರದ ಬಾಂಬ್ ದ್ವೀಪ ಅಂಥ ಹೆಸರುವಾಸಿ ಜಾಗ. ನಸುಕಿನಲ್ಲಿ ಅವು ಒಮ್ಮೆಲೇ ಎದ್ದು ಎಲ್ಲ ದಿಕ್ಕಿಗೂ ಚದುರುವಾಗ ಹವಾಮಾನ ಇಲಾಖೆಯ ರೇಡಾರ್ ಪರದೆಯ ಮೇಲೆ ಅಗಲವಾಗುತ್ತ ಹೋಗುವ ಉಂಗುರ ಮೂಡುತ್ತದೆ. ಮಳೆಯನ್ನು ಅಳೆಯಲು ಕಟ್ಟಿದ ಯಂತ್ರ ಈಗ ಹಕ್ಕಿಗಳನ್ನೂ ಎಣಿಸುತ್ತಿದೆ.

ಟೆಕ್ಸಸ್‌ನಲ್ಲೋ ಕ್ಯಾರೊಲಿನಾದಲ್ಲೋ ಮನೆ ಮಾಡಿಕೊಂಡು, ಮರಗಳಿಂದ ದೂರವಿರುವ ಬಯಲು ಹಿತ್ತಿಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ಒಂದು ಕಂಬದ ಬಗ್ಗೆ ಯೋಚಿಸಬಹುದು. ವಾರಕ್ಕೊಮ್ಮೆ ಇಳಿಸಿ ನೋಡುವ ತಾಳ್ಮೆ ಇಲ್ಲದಿದ್ದರೆ ಮಾತ್ರ ಬೇಡ. ಕಾಯದ ಪೆಟ್ಟಿಗೆ ಗುಬ್ಬಿ-ಸ್ಟಾರ್ಲಿಂಗ್‌ಗಳ ಪಾಲು. ಇಲ್ಲಿರುವವರಿಗೆ ಕಂಬವೇನೂ ಬೇಕಿಲ್ಲ. ನಮ್ಮಲ್ಲಿಗೆ ಬರುವ ಕವಲುತೋಕೆಗಳೂ ತಾವು ನೋಡಲಾರದ ಉತ್ತರದ ವಸಂತವನ್ನು ನಂಬಿಯೇ ಇಲ್ಲಿಂದ ಹೊರಡುತ್ತವೆ. ಇಂಥ ವಲಸೆ ಹಕ್ಕಿಗಳ ತಾರೀಖು ಕಲೆಹಾಕಲು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ 2007ರಲ್ಲಿ ‘ಮೈಗ್ರಂಟ್‌ವಾಚ್’ ಆರಂಭಿಸಿತ್ತು. ಈಗ ಆ ಕೆಲಸ ‘ಇ-ಬರ್ಡ್’ನಲ್ಲಿ ನಡೆಯುತ್ತಿದೆ, ಯಾರು ಬೇಕಾದರೂ ಸೇರಬಹುದು. ಈ ವರ್ಷ ನಿಮ್ಮೂರ ತಂತಿಯ ಮೇಲೆ ಮೊದಲ ಕವಲುತೋಕೆ ಕಂಡ ದಿನವನ್ನೂ ಕೊನೆಯದು ಕಂಡ ದಿನವನ್ನೂ ಬರೆದಿಡಿ. ಮುಂದಿನ ವರ್ಷವೂ ಬರೆಯಿರಿ. ಒಂದು ವರ್ಷದ ತಾರೀಖಿನಿಂದ ಏನೂ ತಿಳಿಯುವುದಿಲ್ಲ, ಇಪ್ಪತ್ತು ವರ್ಷದ್ದು ಇದ್ದರೆ ಬಹಳ ತಿಳಿಯುತ್ತದೆ.